ಗೋಬರ್ ಗ್ಯಾಸ್ ಪೈಪಿನಲ್ಲಿ ನೀರು ಕಟ್ಟುತ್ತಿದೆ, ಯು ಪೈಪ್ ಹಾಕಿಸಿದರೆ ಈಗ ಗ್ಯಾಸೇ ಹೋಗುತ್ತಿದೆ

ಕಾನ್ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಿದ್ದಾಪುರದ ಕಡೆ. ದೊಡ್ಡವು ಸಣ್ಣವು ಸೇರಿ 7 ದನ, 3 ಘನ ಮೀಟರಿನ ದೀನಬಂಧು ಪ್ಲಾಂಟ್ (ಮಣ್ಣಿನಡಿ ಗುಮ್ಮಟದ ಹಾಗೆ ಡೋಮ್ ಕಟ್ಟಿದ್ದು). ಕಟ್ಟಿಸಿ ಎರಡು ವರ್ಷ ಆಯ್ತು. ಪ್ಲಾಂಟ್ ಇರುವುದು ಕೊಟ್ಟಿಗೆ ಪಕ್ಕ. ಅಡುಗೆಮನೆ ಅಲ್ಲಿಂದ 35 ಮೀಟರ್ ದೂರ, ಸ್ವಲ್ಪ ಎತ್ತರದಲ್ಲಿದೆ. ಮುಕ್ಕಾಲು ಇಂಚಿನ ಕಪ್ಪು ಪೈಪನ್ನು ಅಡಿಕೆ ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದು, ಪಾಗಾರ ಹತ್ತಿಸಿ ಇಳಿಸಿ, ಬಚ್ಚಲುಮನೆ ಗೋಡೆಗುಂಟ ಒಳಗೆ ತಂದಿದ್ದಾರೆ.

ದೀಪಾವಳಿ ಕಳೆದು ಚಳಿ ಶುರುವಾದ ಮೇಲೆ ಒಲೆ ಕುಣಿಯಲು ಶುರು ಮಾಡಿತು. ಉರಿ ಒಮ್ಮೆ ಏಳುತ್ತದೆ, ಒಮ್ಮೆ ಕೂರುತ್ತದೆ, ಪೈಪಿನ ಒಳಗೆ ಗುಳುಗುಳು ಸದ್ದು, ಒಮ್ಮೊಮ್ಮೆ ಆರಿಯೇ ಹೋಗುತ್ತದೆ. ಒಲೆ ಹಿಂದಿನ ರಬ್ಬರ್ ಪೈಪ್ ಕಿತ್ತು ನೋಡಿದರೆ ಅರ್ಧ ತಂಬಿಗೆ ನೀರು ಬಂತು. ಕೊಳೆತ ಮೊಟ್ಟೆಯ ವಾಸನೆ. ನಾನು ಬುದ್ಧಿವಂತ, ಬಾಯಿ ಹಾಕಿ ಊದಿಯೂ ನೋಡಿದೆ. ಅಮ್ಮ ಬೈದಿದ್ದು ಇನ್ನೂ ಕಿವಿಯಲ್ಲಿದೆ.

ಆಮೇಲೆ ಪ್ಲಂಬರ್ ಒಬ್ಬರನ್ನು ಕರೆಸಿದೆ. ಪಾಗಾರದ ಹತ್ತಿರ ಪೈಪಿಗೆ ಟಿ ಜಾಯಿಂಟ್ ಹಾಕಿ ಒಂದೂವರೆ ಅಡಿಯ ಯು ಪೈಪ್ ಕೂರಿಸಿ ನೀರು ತುಂಬಿಸಿದರು, ಇನ್ನು ನೀರು ತಾನಾಗೇ ಹೋಗುತ್ತದೆ ಅಂದರು. ಹೋಗುತ್ತಿದೆ, ನಿಜ. ಆದರೆ ಬೆಳಿಗ್ಗೆ ಎದ್ದರೆ ಅಂಗಳದಲ್ಲೆಲ್ಲ ವಾಸನೆ, ಯು ಒಳಗಿನ ನೀರು ಕಡಿಮೆಯಾಗಿರುತ್ತದೆ, ಮೊದಲು ಎರಡು ಹೊತ್ತಿಗೆ ಬರುತ್ತಿದ್ದ ಗ್ಯಾಸು ಈಗ ಒಂದೂವರೆ ಹೊತ್ತಿಗೂ ಸಾಲುವುದಿಲ್ಲ. ಹಗಲು ಹೊತ್ತು ಏನೂ ತೊಂದರೆ ಇಲ್ಲ, ಅದೇ ವಿಚಿತ್ರ. ಡೋಮ್ ಬಿರುಕು ಬಿಟ್ಟಿದೆಯಾ? ಈ ನೀರನ್ನು ಅಪಾಯ ಇಲ್ಲದೆ ತೆಗೆಯುವ ಸರಿಯಾದ ದಾರಿ ಯಾವುದು?

ಸೈಕಲ್ ಸವಾರ

ಇಷ್ಟಕ್ಕೆಲ್ಲ ಯು ಪೈಪ್ ಯಾಕೆ ಸ್ವಾಮಿ, ಒಲೆ ಕಡೆಯಿಂದ ಸೈಕಲ್ ಪಂಪಿನಲ್ಲಿ ಜೋರಾಗಿ ನಾಲ್ಕು ಸಲ ಗಾಳಿ ಹೊಡೆದರೆ ನೀರೆಲ್ಲ ಪ್ಲಾಂಟಿಗೆ ವಾಪಸ್. ನಮ್ಮ ಮಾವನ ಮನೆಯಲ್ಲಿ ಹೀಗೇ ಮಾಡೋದು. ಹತ್ತಿರದಲ್ಲಿ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಿಕ್ಕಿದರೆ ಇನ್ನೂ ಬೇಗ.

ಹಳೇಮೇಸ್ತ್ರಿ

ಸೈಕಲ್ ಸವಾರರೇ, ಬೇಜಾರು ಮಾಡ್ಕೋಬೇಡಿ, ಆದರೆ ಇದನ್ನು ಯಾರಿಗೂ ಹೇಳಬೇಡಿ. ಗ್ಯಾಸು ಇರುವ ಕಡೆಗೆ ಗಾಳಿ ತುಂಬುವುದು ಅಂದರೆ ಪಟಾಕಿ ಕಟ್ಟಿದ ಹಾಗೆ. ಬರೀ ಗ್ಯಾಸು ಪೈಪಿನೊಳಗೆ ಉರಿಯುವುದಿಲ್ಲ, ಗಾಳಿ ಬೇಕು. ಗಾಳಿಯಲ್ಲಿ ಮಿಥೇನು ನೂರಕ್ಕೆ 5ರಿಂದ 15ರಷ್ಟು ಸೇರಿದಾಗ ಕಿಡಿ ತಾಗಿದರೆ ಡಬ್ ಅನ್ನುತ್ತದೆ. ನೀವು ಪಂಪ್ ಹೊಡೆದು, ಆಮೇಲೆ ಮನೆಯವರು ಕಡ್ಡಿ ಗೀರಿದರೆ ಪೈಪಿನ ಒಳಗೆ ಏನಿದೆ ಅಂತ ಯಾರಿಗೆ ಗೊತ್ತು? ಇನ್ನು ಕಂಪ್ರೆಸರ್ ಕತೆ ಬಿಡಿ. ಈ ಪೈಪಿನ ಜಾಯಿಂಟುಗಳು ಅಷ್ಟು ಒತ್ತಡ ನೋಡಿದ್ದೇ ಇಲ್ಲ.

ಕಾನ್ಮನೆಯವರೇ, ನೀವು ಬಾಯಿಂದ ಊದಿದ್ದು ಇನ್ನೊಂದು ದಡ್ಡತನ. ಗೊತ್ತಾಗಿದೆ ಅಲ್ವಾ, ಇರಲಿ. ಪೈಪಿಗೆ ಬಾಯಿ ಹಾಕಿ ಎಳೆಯುವುದಂತೂ ಬೇಡವೇ ಬೇಡ.

ಡೋಮ್ ಬಿರುಕು ಬಿಟ್ಟಿಲ್ಲ ಅನಿಸುತ್ತದೆ. ಬಿಟ್ಟಿದ್ದರೆ ಹಗಲೂ ರಾತ್ರಿ ಹೋಗುತ್ತಿತ್ತು. ನನ್ನ ಅನುಮಾನ ಆ ಯು ಮೇಲೆ. ರಾತ್ರಿ ಒಲೆ ಉರಿಯುವುದಿಲ್ಲ, ಗ್ಯಾಸು ಕೂಡುತ್ತಾ ಹೋಗುತ್ತದೆ. ದೀನಬಂಧು ಡೋಮ್ ಮಣ್ಣಿನಡಿ ಅಲ್ಲಾಡದೆ ಕೂತಿರುತ್ತದೆ, ಹಾಗಾಗಿ ಕೂಡಿದ ಗ್ಯಾಸು ಒಳಗಿನ ಸ್ಲರಿಯನ್ನು (ಸೆಗಣಿ ನೀರನ್ನು) ಔಟ್‌ಲೆಟ್ ತೊಟ್ಟಿಗೆ ತಳ್ಳುತ್ತದೆ. ಆ ಎರಡು ಮಟ್ಟಗಳ ನಡುವಿನ ಎತ್ತರ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ ಪೈಪಿನ ಒತ್ತಡ. ತುಂಬಿದ ಪ್ಲಾಂಟಿನಲ್ಲಿ ಅದು 90 ಸೆಂಟಿಮೀಟರ್, ಒಂದು ಮೀಟರ್ ನೀರಿನ ಎತ್ತರದವರೆಗೂ ಹೋಗುತ್ತದೆ. ನಿಮ್ಮ ಯು ಒಂದೂವರೆ ಅಡಿ, ಅಂದರೆ ಗ್ಯಾಸನ್ನು ತಡೆಯಲು ಇರುವುದು 45 ಸೆಂಟಿಮೀಟರ್ ನೀರು ಮಾತ್ರ. ಒತ್ತಡ ಅದನ್ನು ದಾಟಿದ ಕೂಡಲೇ ಗ್ಯಾಸು ನೀರನ್ನು ಹಾರಿಸಿಕೊಂಡು ಹೊರಗೆ ಹೋಗುತ್ತದೆ. ನೀರು ಕಡಿಮೆಯಾದಷ್ಟು ಮರುದಿನ ಇನ್ನೂ ಸುಲಭ. ಬೆಳಿಗ್ಗೆ ಚಹಾ, ತಿಂಡಿ ಮಾಡಿದ ಮೇಲೆ ಒತ್ತಡ ಇಳಿಯುತ್ತದೆ, ಅದಕ್ಕೇ ಹಗಲು ತೊಂದರೆ ಇಲ್ಲ.

ಅನುಮಾನ ಪರಿಹಾರಕ್ಕೆ ಒಮ್ಮೆ ಅಳೆದುಬಿಡಿ. ಮೇನ್ ವಾಲ್ವ್ ಮುಚ್ಚಿ, ಯು ಪೈಪ್ ಬಿಚ್ಚಿ, ಟಿ ಬಾಯಿಗೆ ಒಂದು ನಲ್ಲಿ ಹಾಕಿ ಮುಚ್ಚಿ. ಯು ಇದ್ದರೆ ಅಳತೆ ಸರಿ ಬರುವುದಿಲ್ಲ, ಅದು ಮೊದಲೇ ಬಿಟ್ಟುಬಿಡುತ್ತದೆ. ಗಾರೆಯವರ ಹತ್ತಿರ ಪಾರದರ್ಶಕ ಲೆವೆಲ್ ಪೈಪ್ ಇರುತ್ತದೆ, ಅದನ್ನು ತಂದು ಒಂದು ಹಲಗೆಗೆ ಯು ಆಕಾರದಲ್ಲಿ ಕಟ್ಟಿ ಅರ್ಧ ನೀರು ತುಂಬಿ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಒಂದು ತುದಿಯನ್ನು ಆ ನಲ್ಲಿಗೆ ಸಿಕ್ಕಿಸಿ ನಿಧಾನ ತೆರೆಯಿರಿ. ಹೊರಗೇ ಮಾಡಿ. ಬಚ್ಚಲು ಒಲೆ ಉರಿಯುತ್ತಿದ್ದರೆ ಅದು ಆರುವವರೆಗೆ ಕಾಯಿರಿ.

ರಾಗಿಮುದ್ದೆ

ನಮ್ಮದು ಹಾಸನದ ಕಡೆ, ಹಳೇ ಡ್ರಮ್ ಪ್ಲಾಂಟು, ಅಪ್ಪ ಹಾಕಿಸಿದ್ದು. ನಮ್ಮಲ್ಲಿ ಒಂದಡಿ ಯು ಪೈಪೇ ಇರುವುದು, ಒಂದು ದಿನವೂ ಗ್ಯಾಸು ಹೋಗಿಲ್ಲ. ಮೇಸ್ತ್ರಿಗಳು ಹೇಳಿದ್ದು ಓದಿದ ಮೇಲೆ ಕಾರಣ ಹೊಳೆಯಿತು. ಡ್ರಮ್ಮು ಗ್ಯಾಸು ಜಾಸ್ತಿಯಾದರೆ ಮೇಲೇಳುತ್ತದೆ, ಕಡಿಮೆಯಾದರೆ ಇಳಿಯುತ್ತದೆ, ಒತ್ತಡ ಯಾವಾಗಲೂ ಡ್ರಮ್ಮಿನ ತೂಕದಷ್ಟೇ. ನಮ್ಮಲ್ಲಿ 9, 10 ಸೆಂಟಿಮೀಟರ್ ದಾಟುವುದೇ ಇಲ್ಲ. ನಿಮ್ಮ ಪ್ಲಂಬರ್ ಡ್ರಮ್ ಪ್ಲಾಂಟಿನ ಲೆಕ್ಕ ತಂದು ದೀನಬಂಧುಗೆ ಹಾಕಿದ್ದಾರೆ ಅಷ್ಟೇ.

ನಮ್ಮಲ್ಲೂ ಒಂದು ಸಲ ಎಡವಟ್ಟಾಗಿದೆ. ಏಪ್ರಿಲ್ ತಿಂಗಳು, ಮದುವೆಗೆ ಅಂತ ಎಲ್ಲ ಊರಿಗೆ ಹೋಗಿದ್ದೆವು. ವಾಪಸ್ ಬಂದಾಗ ಯು ಒಳಗಿನ ನೀರು ಆರಿಹೋಗಿ ಡ್ರಮ್ಮು ಪೂರ್ತಿ ಕೆಳಗೆ ಕೂತಿತ್ತು. ಈಗ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೋಡಿ ನೀರು ಹಾಕುತ್ತೇನೆ, ಊರಿಗೆ ಹೋಗುವಾಗ ಮೇನ್ ವಾಲ್ವ್ ಮುಚ್ಚಿಯೇ ಹೋಗುವುದು.

ಕಾನ್ಮನೆ

ಅಳೆದೆ! ಆದರೆ ಲೆಕ್ಕ ಕೂಡುತ್ತಿಲ್ಲ. ಇವತ್ತು ಬೆಳಿಗ್ಗೆ 6 ಗಂಟೆಗೆ ನೋಡಿದಾಗ ನೀರು ಮೊದಲಿದ್ದ ಜಾಗದಿಂದ 39 ಸೆಂಟಿಮೀಟರ್ ಏರಿತ್ತು. ನನ್ನ ಯು 45 ಇದೆ. 39ಕ್ಕೆ 45 ಸಾಕಾಗಬೇಕಿತ್ತು, ಮತ್ತೆ ಯಾಕೆ ಹೋಗಬೇಕು? ಹಾಗಾದರೆ ಡೋಮೇ ಸೋರುತ್ತಿದೆಯಾ? ರಾತ್ರಿ ನಿದ್ದೆ ಬಂದಿಲ್ಲ ಮಾರಾಯ್ರೆ, ಮತ್ತೆ ಅಗೆಸಿ ರಿಪೇರಿ ಮಾಡಿಸುವ ಹೊತ್ತಲ್ಲ ಇದು, ಕೊಯ್ಲು ಶುರು.

ಹಳೇಮೇಸ್ತ್ರಿ

ಏರಿದ ಕಡೆ ಮಾತ್ರ ನೋಡಿದಿರಾ? ಇನ್ನೊಂದು ಕಡೆ ಅಷ್ಟೇ ಇಳಿದಿರುತ್ತದೆ. ಎರಡೂ ಕಡೆಯ ನೀರಿನ ಮಟ್ಟದ ನಡುವಿನ ಅಂತರ ಲೆಕ್ಕಕ್ಕೆ. 39 ಮೇಲೆ, 39 ಕೆಳಗೆ, ಒಟ್ಟು 78. ಈಗ ಕೂಡಿತಾ ಲೆಕ್ಕ? ಡೋಮ್ ಗಟ್ಟಿಯಾಗಿದೆ, ನಿದ್ದೆ ಮಾಡಿ.

ಕಾನ್ಮನೆ

ಅಯ್ಯೋ. ಸರಿ. ಬಿಎಸ್ಸಿ ಓದಿದ್ದೇನೆ ಅಂತ ಎಲ್ಲೂ ಹೇಳುವುದಿಲ್ಲ ಇನ್ನು.

ಅಡಿಕೆಸಿಪ್ಪೆ

ಹಾಗಾದರೆ ಉದ್ದದ ಯು ಮಾಡಿಸೋಣ ಅಂತ ಗುಂಡಿ ತೆಗೆಯಲು ಹೊರಟಿರಬಹುದು, ಅದಕ್ಕೆ ಮೊದಲು ನನ್ನ ಕತೆ ಕೇಳಿ. ನಾವು ತೀರ್ಥಹಳ್ಳಿ ಕಡೆಯವರು, ಪ್ಲಾಂಟು ನಿಮ್ಮದೇ ತರಹದ್ದು. ನೀರು ತೆಗೆಯುವ ನಲ್ಲಿಯನ್ನು ನಮ್ಮವರು ಮೂರಡಿ ಆಳದ ಗುಂಡಿಯಲ್ಲಿ ಇಟ್ಟು ಮೇಲೆ ಚಪ್ಪಡಿ ಮುಚ್ಚಿದ್ದರು. ನೋಡಲು ಚೆಂದ. ಒಂದು ದಿನ ನಲ್ಲಿ ಬಿಗಿಯಾಗಿ ತಿರುಗಲಿಲ್ಲ. ನಾನು ಹೊಟ್ಟೆಯ ಮೇಲೆ ಮಲಗಿ ತಲೆ ಒಳಗೆ ಹಾಕಿ ಸ್ಪ್ಯಾನರ್ ಹಿಡಿದು ತಿರುಗಿಸುತ್ತಿದ್ದೆ. ನಲ್ಲಿ ಒಮ್ಮೆಲೇ ಬಿಟ್ಟಿತು. ಮೊದಲು ವಾಸನೆ ಬಂತು, ಆಮೇಲೆ ವಾಸನೆಯೇ ಇಲ್ಲ, ಹೋಯ್ತಲ್ಲ ಅಂದುಕೊಂಡೆ. ತಲೆ ತಿರುಗಿತು, ಕೈ ಹೇಳಿದ ಮಾತು ಕೇಳಲಿಲ್ಲ. ಕೊಟ್ಟಿಗೆ ಕೆಲಸಕ್ಕೆ ಬಂದಿದ್ದವರು ಕಾಲು ಹಿಡಿದು ಎಳೆಯದಿದ್ದರೆ ಇವತ್ತು ಇಲ್ಲಿ ಬರೆಯುತ್ತಿರಲಿಲ್ಲ. ಅವತ್ತು ಸಾಯಂಕಾಲದವರೆಗೂ ತಲೆನೋವು, ವಾಂತಿ.

ಈಗ ನಲ್ಲಿಯನ್ನು ಧರೆಯ (ಗುಡ್ಡ ಕಡಿದ ದಿಬ್ಬದ) ಅಂಚಿಗೆ ತಂದಿದ್ದೇವೆ, ನಿಂತುಕೊಂಡೇ ತಿರುಗಿಸಬಹುದು, ಗಾಳಿ ಆಡುತ್ತದೆ. ಮಲೆನಾಡಿನಲ್ಲಿ ಧರೆಗೇನು ಬರ.

ದೂರದೂರು

ಅಡಿಕೆಸಿಪ್ಪೆಯವರು ಹೇಳಿದ್ದರಲ್ಲಿ 'ಆಮೇಲೆ ವಾಸನೆಯೇ ಇಲ್ಲ' ಅನ್ನುವ ಮಾತು ಓದಿ ಮೈ ಜುಂ ಅಂತು. ನಾನು ಜರ್ಮನಿಯಲ್ಲಿ ಬಯೋಗ್ಯಾಸ್ ಘಟಕವೊಂದರಲ್ಲಿ ಕೆಲಸ ಮಾಡುತ್ತೇನೆ, ಊರು ಶಿರಸಿ. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಗಾಳಿಯಲ್ಲಿ ಅದು 100 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ದಾಟಿದರೆ ಸ್ವಲ್ಪ ಹೊತ್ತಿನಲ್ಲಿ ಮೂಗು ಸತ್ತುಹೋಗುತ್ತದೆ, ವಾಸನೆಯೇ ತಿಳಿಯುವುದಿಲ್ಲ. ಸೆಗಣಿ ಗ್ಯಾಸಿನಲ್ಲಿ ಅದು ಸಾವಿರ ಪಿಪಿಎಂ ಇದ್ದರೂ ಆಶ್ಚರ್ಯ ಇಲ್ಲ. ಅದೂ ಕಾರ್ಬನ್ ಡೈಆಕ್ಸೈಡೂ ಗಾಳಿಗಿಂತ ಭಾರ. ನೀರು ಬಿಡುವಾಗ ನೀರಿನಲ್ಲಿ ಕರಗಿದ್ದ ಗ್ಯಾಸೂ ಹೊರಗೆ ಬರುತ್ತದೆ. ಗುಂಡಿಯಲ್ಲಿ ಗಾಳಿ ಆಡದಿದ್ದರೆ ಅಲ್ಲೇ ಕೂರುತ್ತದೆ. ಇಲ್ಲಿ ನೀರು ಸೇರುವ ಗುಂಡಿಗೆ ಗಾಳಿ ಹಾಯಿಸದೆ, ಮೀಟರ್ ಇಳಿಸಿ ನೋಡದೆ, ಮೇಲೊಬ್ಬರು ನಿಲ್ಲದೆ ಯಾರೂ ಇಳಿಯುವ ಹಾಗಿಲ್ಲ. ಮನೆ ಪ್ಲಾಂಟಿಗೆ ಮೀಟರ್ ಎಲ್ಲ ಎಲ್ಲಿಂದ ತರೋದು, ಗುಂಡಿಯೇ ಬೇಡ ಅನ್ನುವುದು ಸುಲಭದ ದಾರಿ.

ಎಷ್ಟು ನೀರು ಬರುತ್ತದೆ ಅಂತಲೂ ಒಂದು ಅಂದಾಜು ಕೊಡುತ್ತೇನೆ. 30 ಡಿಗ್ರಿಯಲ್ಲಿ ಡೋಮಿನಿಂದ ಹೊರಡುವ ಪ್ರತಿ ಘನ ಮೀಟರ್ ಗ್ಯಾಸಿನಲ್ಲಿ ಸುಮಾರು 30 ಗ್ರಾಂ ನೀರಿನ ಆವಿ ಇರುತ್ತದೆ. ಚಳಿಗಾಲದ ಬೆಳಿಗ್ಗೆ ಪೈಪು 15 ಡಿಗ್ರಿಗೆ ಇಳಿದರೆ ಅದು ಹಿಡಿದುಕೊಳ್ಳುವುದು 13 ಗ್ರಾಂ ಮಾತ್ರ. ಉಳಿದ 17 ಗ್ರಾಂ ಪೈಪಿನಲ್ಲೇ ಹನಿ ಕಟ್ಟುತ್ತದೆ, ಅನ್ನದ ಪಾತ್ರೆ ಮುಚ್ಚಳದ ಒಳಗೆ ಕಟ್ಟುವ ಹಾಗೆ. ದಿನಕ್ಕೆ 3 ಘನ ಮೀಟರ್ ಉರಿಸಿದರೆ 50 ಗ್ರಾಂ, ತಿಂಗಳಿಗೆ ಒಂದೂವರೆ ಲೀಟರ್. ಅಷ್ಟು ಸಾಕು ಮುಕ್ಕಾಲು ಇಂಚಿನ ಪೈಪಿನ ಹೊಟ್ಟೆ ತುಂಬಲು. ಇದನ್ನು ನಿಲ್ಲಿಸಲು ಆಗುವುದಿಲ್ಲ. ಎಲ್ಲಿ ಬೀಳಬೇಕು ಅಂತ ನಾವು ಹೇಳಬಹುದು ಅಷ್ಟೇ.

ಹಳೇಮೇಸ್ತ್ರಿ

ಹೊಟ್ಟೆ ಅಂದಿರಲ್ಲ, ಅಸಲು ವಿಷಯ ಅದೇ. ಮರದಿಂದ ಮರಕ್ಕೆ ಕಟ್ಟಿದ ಪೈಪು ನಡುವೆ ಜೋತುಬೀಳುತ್ತದೆ. ಬಿಸಿಲಿಗೆ ಮೆತ್ತಗಾಗಿ ಇನ್ನೂ ಜೋತುಬೀಳುತ್ತದೆ. ಒಂದೊಂದು ಜೋತೂ ಒಂದೊಂದು ಕೆರೆ. ಗಾಳಿ ಬಂದರೆ ಅಡಿಕೆ ಮರ ತೂಗುತ್ತದೆ, ಇವತ್ತು ಇದ್ದ ಇಳಿಜಾರು ನಾಳೆ ಇರುವುದಿಲ್ಲ. ನಾನಂತೂ ಮರಕ್ಕೆ ಪೈಪು ಕಟ್ಟುವುದನ್ನು ಬಿಟ್ಟು ಬಹಳ ವರ್ಷ ಆಯ್ತು. ಕಲ್ಲಿನ ಕಂಬವೋ ಸಿಮೆಂಟ್ ಕಂಬವೋ ನೆಟ್ಟು, ಜಿಐ ತಂತಿ ಬಿಗಿಯಾಗಿ ಎಳೆದು, ತಂತಿಗೆ ಮೀಟರಿಗೊಂದು ಕಡೆ ಪೈಪು ಕಟ್ಟಿ.

ನಿಮ್ಮ ಅಡುಗೆಮನೆ ಪ್ಲಾಂಟಿಗಿಂತ ಎತ್ತರದಲ್ಲಿದೆ ಅಂದಿರಿ, ಅದು ಪುಣ್ಯ. 100ಕ್ಕೆ 1ರಂತೆ ಇಳಿಜಾರು ಸಾಕು, 35 ಮೀಟರಿಗೆ 35 ಸೆಂಟಿಮೀಟರ್. ಅಡುಗೆಮನೆಯಿಂದ ಪ್ಲಾಂಟಿನವರೆಗೆ ಒಂದೇ ಸಮ ಇಳಿದರೆ ನೀರು ತಾನಾಗೇ ಡೋಮಿಗೆ ವಾಪಸ್ ಹೋಗುತ್ತದೆ, ಯಾರೂ ಕೈ ಹಾಕುವುದು ಬೇಡ. ರಾತ್ರಿ ಮೇನ್ ವಾಲ್ವ್ ಮುಚ್ಚಿದರೆ ನೀರು ಅದರ ಮೇಲೆ ನಿಂತಿರುತ್ತದೆ, ಬೆಳಿಗ್ಗೆ ತೆರೆದಾಗ ಒಂದು ನಿಮಿಷ ಗುಳುಗುಳು ಅನ್ನುತ್ತದೆ, ಅದಕ್ಕೆ ಹೆದರಬೇಡಿ. ನಿಮ್ಮ ತೊಂದರೆ ಇರುವುದು ಪಾಗಾರದಲ್ಲಿ. ಹತ್ತಿ ಇಳಿದ ಮೇಲೆ ಆ ಕಡೆ ಬಿದ್ದ ನೀರು ಮತ್ತೆ ಪಾಗಾರ ಹತ್ತುವುದಿಲ್ಲ. ಪಾಗಾರ ತೂತು ಮಾಡಿ ನೇರ ತನ್ನಿ. ಆಗದಿದ್ದರೆ ಪಾಗಾರದ ಮನೆ ಕಡೆಯ ತಗ್ಗಿನಲ್ಲಿ ಒಂದು ನೀರಿನ ನಲ್ಲಿ ಬೇಕೇ ಬೇಕು.

ಉದ್ದದ ಯು ಮಾಡಬಹುದು, ಮಾಡಬಾರದು ಅಂತಲ್ಲ. ಆದರೆ ಒಂದು ಮೀಟರ್ ಒತ್ತಡಕ್ಕೆ ಒಂದೂಕಾಲು ಮೀಟರ್ ಆದರೂ ನೀರಿನ ಎತ್ತರ ಇಡಬೇಕು, ಬೇಸಿಗೆಯಲ್ಲಿ ನೋಡಿಕೊಳ್ಳಬೇಕು, ಮರೆತರೆ ರಾತ್ರಿಯೆಲ್ಲ ಗ್ಯಾಸು ಬಯಲಿಗೆ. ಮರೆವಿನ ಮನುಷ್ಯರಿಗೆ ಕೈಯಿಂದ ತಿರುಗಿಸುವ ನಲ್ಲಿಯೇ ವಾಸಿ. ಟಿ ಕೆಳಗೆ 2 ಇಂಚಿನ ಪೈಪಿನ ಎರಡಡಿ ತುಂಡು ನೇರ ಇಳಿಸಿ, ತುದಿಯಲ್ಲಿ ಒಂದು ಬಾಲ್ ವಾಲ್ವ್. ಅದರಲ್ಲಿ ಒಂದು ಲೀಟರಿನ ಮೇಲೆ ಹಿಡಿಯುತ್ತದೆ. ಹಿತ್ತಾಳೆ ನಲ್ಲಿ ಬೇಡ, ಈ ನೀರು ಹುಳಿ, ಅದರಲ್ಲಿ ಗಂಧಕವೂ ಇದೆ, ಹಿತ್ತಾಳೆ ಕಪ್ಪಾಗಿ ಕಚ್ಚಿಕೊಳ್ಳುತ್ತದೆ. ಅಡಿಕೆಸಿಪ್ಪೆಯವರ ನಲ್ಲಿ ಬಿಗಿಯಾಗಿದ್ದು ಅದಕ್ಕೇ ಇರಬಹುದು. ಪ್ಲಾಸ್ಟಿಕ್ ಬಾಲ್ ವಾಲ್ವ್ ಸಾಕು, ನೆರಳಿನಲ್ಲಿ ಇಡಿ.

ತೆಗೆಯುವ ಕ್ರಮ ಹೀಗೆ. ಹಗಲು ಹೊತ್ತಿನಲ್ಲೇ ಮಾಡಿ. ಒಲೆ ನಲ್ಲಿ ಮುಚ್ಚಿ, ಮೇನ್ ವಾಲ್ವ್ ಮುಚ್ಚಿ. ಬಚ್ಚಲು ಒಲೆಯ ಕೆಂಡ ನೋಡಿ, ಹತ್ತಿರ ಯಾರೂ ಬೀಡಿ ಸೇದುತ್ತಿಲ್ಲ ಅಂತ ನೋಡಿ, ಮಕ್ಕಳನ್ನು ಆಚೆ ಕಳಿಸಿ. ನೀವು ಗಾಳಿ ಬೀಸಿ ಬರುವ ಕಡೆಗೆ ಬೆನ್ನು ಕೊಡಬೇಡಿ, ಗಾಳಿ ನಿಮ್ಮ ಪಕ್ಕದಿಂದ ಹಾಯುವ ಹಾಗೆ ನಿಂತುಕೊಳ್ಳಿ, ಮುಖ ದೂರ ಇರಲಿ. ಕೆಳಗೆ ಒಂದು ಬಕೆಟ್ ಇಟ್ಟು ನಲ್ಲಿ ಸ್ವಲ್ಪವೇ ತಿರುಗಿಸಿ. ಪೈಪಿನಲ್ಲಿ ಉಳಿದ ಒತ್ತಡವೇ ನೀರನ್ನು ತಳ್ಳುತ್ತದೆ. ಪುಸ್ ಅಂತ ಸದ್ದು ಬಂದ ಕೂಡಲೇ ಮುಚ್ಚಿ, ಪೂರ್ತಿ ಖಾಲಿ ಆಗಲಿ ಅಂತ ತೆರೆದಿಟ್ಟುಕೊಂಡು ಕೂರಬೇಡಿ, ಇಲ್ಲವಾದರೆ ಗಾಳಿ ಒಳಗೆ ಹೋಗುತ್ತದೆ. ಪ್ಲಾಂಟಿನಲ್ಲಿ ಗ್ಯಾಸು ಇಲ್ಲದ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಕಾರಣ ಅದೇ. ಆಮೇಲೆ ಮೇನ್ ವಾಲ್ವ್ ತೆರೆದು ನಲ್ಲಿಗೆ ಸೋಪಿನ ನೊರೆ ಹಚ್ಚಿ ನೋಡಿ. ಕಡ್ಡಿ ಗೀರಿ ಸೋರಿಕೆ ಹುಡುಕುವ ಮಹಾನುಭಾವರು ಈಗಲೂ ಇದ್ದಾರೆ, ಅವರ ಸಾಲಿಗೆ ಸೇರಬೇಡಿ.

ರಾಗಿಮುದ್ದೆ

ಬಕೆಟ್ ನೀರನ್ನು ಏನು ಮಾಡುತ್ತೀರಿ ಅಂತ ಯಾರೂ ಹೇಳಲಿಲ್ಲ. ನಾವು ಸ್ಲರಿ ಗುಂಡಿಗೆ ಸುರಿಯುತ್ತೇವೆ. ಬಾವಿ ಕಟ್ಟೆ ಹತ್ತಿರ ಮಾತ್ರ ಬೇಡ.

ಕಾನ್ಮನೆ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕೊಯ್ಲಿನ ಗಲಾಟೆ. ಪಾಗಾರ ಕಲ್ಲಿನದು, ತೂತು ಮಾಡಲು ಅಪ್ಪ ಒಪ್ಪಲಿಲ್ಲ. ಹಾಗಾಗಿ ತೋಟದ ಭಾಗಕ್ಕೆ 9 ಕಂಬ ನೆಟ್ಟು ತಂತಿ ಎಳೆದು ಪ್ಲಾಂಟಿನ ಕಡೆ ಇಳಿಜಾರು ಕೊಟ್ಟೆವು. ಪಾಗಾರದ ಈ ಕಡೆ, ಬಚ್ಚಲುಮನೆಯಿಂದ ಆದಷ್ಟು ದೂರದಲ್ಲಿ, ಮೇಸ್ತ್ರಿಗಳು ಹೇಳಿದ ಹಾಗೆ 2 ಇಂಚಿನ ತುಂಡು, ಬಾಲ್ ವಾಲ್ವ್. ಮೊದಲ ಸಲ ತೆಗೆದಾಗ ಮುಕ್ಕಾಲು ಲೀಟರ್ ಬಂತು, ಅದು ಹಳೇ ಬಾಕಿ ಇರಬೇಕು. ಈಗ ವಾರಕ್ಕೊಮ್ಮೆ ತೆಗೆಯುತ್ತೇನೆ, ಒಂದು ದೊಡ್ಡ ಲೋಟದಷ್ಟು ಬರುತ್ತದೆ. ತೋಟದ ಕಡೆಯ ನೀರು ಡೋಮಿಗೇ ಹೋಗುತ್ತಿರುವುದರಿಂದ ದೂರದೂರು ಅವರ ಲೆಕ್ಕಕ್ಕಿಂತ ಕಡಿಮೆ, ಸರಿ ಅಲ್ವಾ? ಅಂಗಳದ ವಾಸನೆ ಹೋಗಿದೆ, ಎರಡು ಹೊತ್ತಿನ ಗ್ಯಾಸು ವಾಪಸ್ ಬಂದಿದೆ.

ಬೆಳಿಗ್ಗೆ ಒಲೆಯ ಉರಿ ಮಾತ್ರ ಜೋರಾಗಿ ಮೇಲೆದ್ದು ಬರ್ನರಿನಿಂದ ಹಾರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಸರಿಯಾಗುತ್ತದೆ. ಇದಕ್ಕೂ ನೀರಿಗೂ ಸಂಬಂಧ ಇದೆಯಾ?

ಹಳೇಮೇಸ್ತ್ರಿ

ಇಲ್ಲ, ಅದು 78 ಸೆಂಟಿಮೀಟರ್ ಒತ್ತಡದ ಆಟ. ಬೆಳಿಗ್ಗೆ ಒಲೆ ನಲ್ಲಿಯನ್ನು ಪೂರ್ತಿ ತೆರೆಯದೆ ಕಾಲು ಭಾಗ ತೆರೆಯಿರಿ, ಒತ್ತಡ ಇಳಿದ ಹಾಗೆ ಜಾಸ್ತಿ ಮಾಡಿ. ನೀರಿನ ಲೆಕ್ಕ ಸರಿಯಾಗಿದೆ.

ಕಾನ್ಮನೆ

ಆಯ್ತು, ಅಮ್ಮನಿಗೆ ತೋರಿಸಿಕೊಟ್ಟೆ, ಈಗ ಸರಿಯಾಗಿ ಉರಿಯುತ್ತಿದೆ. ಗಾರೆಯವರ ಲೆವೆಲ್ ಪೈಪ್ ಇನ್ನೂ ಹಲಗೆ ಮೇಲೇ ಇದೆ. ಅವರು ಎರಡು ಸಲ ಫೋನ್ ಮಾಡಿದರು, ನಾಳೆ ಕೊಟ್ಟು ಬರಬೇಕು.